ಗೋಡೆಯ ಮೇಲೆ ಬೆಟ್ಟದ ದಾರಿ

ಅವತ್ತು ಭಾನುವಾರ. ನಾನು ನಡುಮನೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದೆ. ನಮ್ಮವರು ಸ್ಟೂಲಿನ ಮೇಲೆ ನಿಂತು, ಬಾಯಲ್ಲೊಂದು ಸಣ್ಣ ಮೊಳೆ ಕಚ್ಚಿಕೊಂಡು, ಮನಿ ಪ್ಲಾಂಟಿನ ಕುಡಿಯನ್ನು ಎಡಗೈ ಬೆರಳುಗಳ ಮೇಲೆ ಮಲಗಿಸಿಕೊಂಡು, ಗೋಡೆಯಲ್ಲಿ ಮುಂದಿನ ಜಾಗ ಹುಡುಕುತ್ತಿದ್ದರು. ಜಾಗ ಸಿಕ್ಕಿತು, ಮೊಳೆ ಹೊಡೆದಾಯಿತು, ಬಳ್ಳಿಗೆ ದಾರ ಸುತ್ತಿಯಾಯಿತು. ಇನ್ನು ಅದನ್ನು ಮೊಳೆಗೆ ಸಿಕ್ಕಿಸುವುದೊಂದೇ ಬಾಕಿ.

"ರೈಟ್ ಅನ್ನು," ಅಂದರು.

"ನೀವೇ ಅನ್ಕಳಿ. ಕಾಳಲ್ಲಿ ಕಲ್ಲು ಜಾಸ್ತಿ ಅದೆ."

"ಡ್ರೈವರ್ರೇ ರೈಟ್ ಅನ್ಕಂಡು ಬಸ್ ತೆಗುದ್ರೆ ಸಸ್ಪೆಂಡ್ ಮಾಡ್ತಾರೆ ಕಣಮ್ಮಿ. ಅನ್ನು."

"ರೈಟ್," ಅಂದೆ. ತಲೆ ಎತ್ತಲಿಲ್ಲ. ಮೊರದ ಅಂಚಿನಲ್ಲಿ ಒಂದು ಕಲ್ಲು ಹುರುಳಿಯ ಬಣ್ಣವನ್ನೇ ಹೊದ್ದುಕೊಂಡು ನನಗೆ ಮೋಸ ಮಾಡುತ್ತಿತ್ತು, ಅದರ ಮೇಲೆ ನನ್ನ ಕಣ್ಣಿತ್ತು.

ಮಾರನೆಯ ದಿನ ಬೆಳಿಗ್ಗೆ ಅವರು ಡ್ಯೂಟಿಗೆ ಹೋದರು. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸನ್ನು ಹನೂರಿನಲ್ಲಿ ನಿಲ್ಲಿಸಿ, ಟೀ ಕುಡಿಯಲು ಇಳಿದು, ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತರು. ಕೂತವರು ಏಳಲಿಲ್ಲ. ಅವರ ಜೊತೆ ಹನ್ನೊಂದು ವರ್ಷ ಕಂಡಕ್ಟರಾಗಿದ್ದ ಸಿದ್ದರಾಜು ಅವತ್ತು ಸಂಜೆ ನನ್ನ ಮುಂದೆ ಕೂತು, ಬೇರೆ ಏನು ಹೇಳಬೇಕೋ ತಿಳಿಯದೆ, ಒಂದೇ ಮಾತನ್ನು ಮೂರು ಸಲ ಹೇಳಿದ: "ಹ್ಯಾಂಡ್‌ಬ್ರೇಕ್ ಎಳ್ದಿದ್ರು ಕಣಕ್ಕಾ. ಗಾಡಿ ನ್ಯೂಟ್ರಲ್‌ಗೆ ಆಕಿದ್ರು. ಕೀ ಜೇಬಲ್ಲೇ ಇತ್ತು." ಬಸ್ಸಿನ ತುಂಬ ಜನ ಡ್ರೈವರ್ ಈಗ ಬಂದಾರು, ಆಗ ಬಂದಾರು ಎಂದು ಕೂತೇ ಇದ್ದರಂತೆ.

ನಾನು ಬರೆಯಹೊರಟಿದ್ದು ಒಂದು ಗಿಡದ ವಿಷಯ. ಸೀರೆಗೆ ಕುಚ್ಚು ಕಟ್ಟಿ ಜೀವನ ಮಾಡುವ, ಹತ್ತನೆಯ ಕ್ಲಾಸಿನವರೆಗೆ ಓದಿದ ಹೆಂಗಸು ನಾನು. ಗಿಡದ ವಿಷಯ ಎತ್ತಿದರೆ ಅದು ಎಲ್ಲೆಲ್ಲಿಗೋ ಹಬ್ಬುತ್ತದೆ, ನೀವೇ ಸ್ವಲ್ಪ ಸಹಿಸಿಕೊಳ್ಳಬೇಕು. ಹಬ್ಬುವುದು ಅದರ ಸ್ವಭಾವ. ನನ್ನದೂ ಹಾಗೆಯೇ ಎಂದು ನಮ್ಮವರು ಹೇಳುತ್ತಿದ್ದರು.

ಮನಿ ಪ್ಲಾಂಟನ್ನು ಕದ್ದು ತಂದರೇ ಚೆನ್ನಾಗಿ ಬರುತ್ತದೆ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ನಂಬುತ್ತಾರೆ. ಹಾಗಾಗಿ ಯಾರ ಮನೆಯ ಕಾಂಪೌಂಡಿನ ಮೇಲಿನ ಬಳ್ಳಿಯಾದರೂ ತಿಂಗಳಿಗೊಮ್ಮೆ ಗಿಡ್ಡವಾಗುತ್ತಿರುತ್ತದೆ, ಬಳ್ಳಿ ಗಿಡ್ಡವಾದವರು ಇನ್ನೊಬ್ಬರ ಕಾಂಪೌಂಡಿಗೆ ಹೋಗಿ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ನಮ್ಮ ಗಿಡ ಕದ್ದದ್ದಲ್ಲ, ಕೇಳಿ ತಂದದ್ದೂ ಅಲ್ಲ. ಯಾರೋ ಪ್ರಯಾಣಿಕರು ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಗೇಣುದ್ದದ ಒಂದು ತುಂಡನ್ನು ಬಸ್ಸಿನ ಸೀಟಿನ ಮೇಲೆ ಮರೆತು ಇಳಿದಿದ್ದರು. ಬೇರೆಯವರಾಗಿದ್ದರೆ ಕಿಟಕಿಯಿಂದ ಎಸೆಯುತ್ತಿದ್ದರು. ನಮ್ಮವರು ಅದನ್ನೊಂದು ನೀರಿನ ಬಾಟಲಿಯಲ್ಲಿಟ್ಟು, ಬಾಟಲಿಯನ್ನು ಸ್ಟೇರಿಂಗಿನ ಪಕ್ಕ ಸಿಕ್ಕಿಸಿಕೊಂಡು, ಕಳೆದುಕೊಂಡವರು ಬಂದು ಕೇಳಲಿ ಎಂದು ಒಂದು ವಾರ ಕಾದರು. ಆ ಒಂದು ವಾರವೂ ಗಿಡ ಬೆಟ್ಟ ಹತ್ತಿತು, ಬೆಟ್ಟ ಇಳಿಯಿತು. ಕೇಳುವವರು ಯಾರೂ ಬರಲಿಲ್ಲ. ಎಂಟನೆಯ ದಿನ ಬಾಟಲಿಯ ಸಮೇತ ಮನೆಗೆ ತಂದು ಕಿಟಕಿಯಲ್ಲಿಟ್ಟರು.

"ಕದ್ರಾ?" ಅಂದೆ.

"ಬುಟ್ಟೋಗಿದ್ದು. ಒಂದು ವಾರ ಪುಗಸಟ್ಟೆ ಓಡಾಡ್ಸಿವ್ನಿ. ಇನ್ಮೇಲೆ ನಮ್ಮದೇ."

ಬಾಟಲಿಯ ನೀರಿನಲ್ಲಿ ಅಷ್ಟರೊಳಗೆ ನಾಲ್ಕು ಬಿಳಿಯ ಬೇರುಗಳು ಬಿಟ್ಟಿದ್ದವು. ಮಣ್ಣಿಲ್ಲ, ಗೊಬ್ಬರವಿಲ್ಲ, ನಿಂತ ಜಾಗವೂ ಇಲ್ಲ, ಬರೀ ನೀರು ಮತ್ತು ಘಾಟಿಯ ಕುಲುಕಾಟ. ಇಷ್ಟರಲ್ಲೇ ಬೇರು ಬಿಡಲು ಮನಸ್ಸು ಮಾಡಿದ ಜೀವವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಧನಗೆರೆಯ ನನ್ನ ತವರಿನಲ್ಲಿ ಹೊಲ, ರೇಷ್ಮೆ ಹುಳು, ಹಿಪ್ಪುನೇರಳೆ ಎಲ್ಲವೂ ಇವೆ. ಗಿಡಗಳ ನಡುವೆಯೇ ಬೆಳೆದವಳು ನಾನು. ಆದರೆ ಅವೆಲ್ಲ ದುಡಿಯುವ ಗಿಡಗಳು. ಸುಮ್ಮನೆ ಮನೆಯೊಳಗೆ ಕೂತು, ಹೂವು ಬಿಡದೆ, ಕಾಯಿ ಕೊಡದೆ, ಸಾರಿಗೂ ಆಗದೆ ಬದುಕುವ ಗಿಡವನ್ನು ನಮ್ಮಪ್ಪ ಕಂಡಿದ್ದರೆ ಅದಕ್ಕೆ ಏನು ಕೆಲಸ ಎಂದು ಕೇಳುತ್ತಿದ್ದರು.

ಕೆಲಸವನ್ನು ನಮ್ಮವರು ಕೊಟ್ಟರು. ಕುಂಡವನ್ನು ಕಿಟಕಿಯಲ್ಲಿಟ್ಟು ಅದಕ್ಕೆ ಕೊಳ್ಳೇಗಾಲ ಎಂದು ಹೆಸರಿಟ್ಟರು. ಎದುರು ಗೋಡೆಯ ಮೇಲೆ ಸೂರಿಗೆ ಹತ್ತಿರವಾಗಿ ಮಾದಪ್ಪನ, ಅಂದರೆ ಬೆಟ್ಟದ ಮಹದೇಶ್ವರನ, ಫೋಟೋ ಇತ್ತು, ಅದು ಬೆಟ್ಟ. ನಡುವಿನ ಗೋಡೆಯೆಲ್ಲ ದಾರಿ. ಬಳ್ಳಿ ಒಂದೊಂದು ಮೊಳ ಬೆಳೆದಂತೆ ಒಂದೊಂದು ಮೊಳೆ: ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ, ಘಾಟಿ ಶುರುವಾಗುವ ತಾಳಬೆಟ್ಟ. ಪ್ರತಿ ಮೊಳೆಯ ಪಕ್ಕ ಪೆನ್ಸಿಲಿನಲ್ಲಿ ಊರಿನ ಹೆಸರು, ತಲುಪಿದ ತಾರೀಖು. ಕಟ್ಟುವುದಕ್ಕೆ ನನ್ನ ಕುಚ್ಚಿನ ಕೆಲಸದಲ್ಲಿ ಉಳಿದ ರೇಷ್ಮೆದಾರ. ಅದು ಬಳ್ಳಿಯನ್ನು ಕುಯ್ಯುವುದಿಲ್ಲ ಎಂದು ಅವರೇ ಪರೀಕ್ಷೆ ಮಾಡಿ ಒಪ್ಪಿದ್ದರು. ಗಂಟು ಹಾಕುವುದನ್ನೂ ನನ್ನಿಂದಲೇ ಕಲಿತರು. ಇಪ್ಪತ್ತೈದು ವರ್ಷ ಪಳಗಿದ ಕೈಯ ಗಂಟು ನನ್ನದು, ನೇರ ನಿಲ್ಲುತ್ತದೆ. ಅವರದು ಎಷ್ಟು ಹೇಳಿಕೊಟ್ಟರೂ ಎಡಕ್ಕೆ ವಾಲುತ್ತಿತ್ತು. "ಘಾಟಿ ರಸ್ತೆ ಅಲ್ವಾ, ವಾಲ್ಲೇಬೇಕು," ಎಂದು ತಮ್ಮ ತಪ್ಪನ್ನೂ ರಸ್ತೆಯ ಲೆಕ್ಕಕ್ಕೇ ಹಾಕಿಬಿಡುತ್ತಿದ್ದರು.

ಗಿಡ ಸಾಕುವುದರಲ್ಲಿ ಅವರಿಗೆ ಕೆಲವು ಕಟ್ಟುನಿಟ್ಟುಗಳಿದ್ದವು. ಬಳ್ಳಿಯನ್ನು ಎಳೆಯಬಾರದು, ಅದು ಯಾವ ಕಡೆ ಬಾಗುತ್ತಿದೆಯೋ ನೋಡಿ ಆ ಕಡೆಗೇ ಜಾಗ ಕೊಡಬೇಕು. ಗೇರು ಬಲವಂತವಾಗಿ ಹಾಕಿದರೆ ಗಾಡಿ ಕೆಡುತ್ತದೆ ಎನ್ನುವುದು ಇದಕ್ಕೆ ಆಧಾರ. ಬಿಸಿಲಿನಲ್ಲಿ ಇಡಬಾರದು, ಬೆಳಕಿನಲ್ಲಿ ಇಡಬೇಕು. ಮಣ್ಣಿಗೆ ಬೆರಳಿಟ್ಟು ಒಣಗಿದೆ ಎಂದು ಖಾತ್ರಿಯಾದ ಮೇಲೆಯೇ ನೀರು. ನಾನು ಒಮ್ಮೆ ಪ್ರೀತಿ ಹೆಚ್ಚಾಗಿ ಚೊಂಬುಗಟ್ಟಲೆ ಸುರಿದೆ. ಮಾರನೆಯ ಬೆಳಿಗ್ಗೆ ಎಲ್ಲ ಎಲೆಗಳ ತುದಿಯಲ್ಲೂ ಒಂದೊಂದು ಹನಿ ನಿಂತಿತ್ತು. ಮಂಜು ಮನೆಯೊಳಗೆ ಬೀಳುವುದಿಲ್ಲ, ಸೂರು ಸೋರುತ್ತಿರಲಿಲ್ಲ. ಗಿಡ ತನಗೆ ಹೆಚ್ಚಾದ ನೀರನ್ನು ಬೇರಿನಿಂದ ತುದಿಯವರೆಗೆ ಹೊತ್ತು ತಂದು ಎಲೆಯ ಕೊನೆಯಲ್ಲಿ ಹೊರಗಿಟ್ಟಿತ್ತು. ನಾನು ಬೆರಗಾಗಿ ಅವರನ್ನು ಕರೆದು ತೋರಿಸಿದರೆ, ಒಂದು ಹನಿಯನ್ನು ಬೆರಳಿಗೆ ತಾಗಿಸಿ ನೋಡಿ, "ರೇಡಿಯೇಟ್ರು ತುಂಬ್ಸಿ ಚೆಲ್ಬುಟ್ಟಿದ್ದೀಯ," ಅಂದರು. ಆದರೆ ಅಂದವರು ಅಲ್ಲಿಂದ ಕದಲಲಿಲ್ಲ. ಡ್ಯೂಟಿಗೆ ಹೊತ್ತಾಗುತ್ತಿದ್ದರೂ ಹನಿಗಳು ಆರುವವರೆಗೆ ಖಾಕಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಅಲ್ಲೇ ನಿಂತಿದ್ದರು.

ಹೊಸ ಎಲೆ ಬರುವುದನ್ನು ನೀವು ನಿಧಾನವಾಗಿ ನೋಡಿದ್ದೀರೋ ಇಲ್ಲವೋ. ಹಿಂದಿನ ಎಲೆಯ ತೊಟ್ಟಿನ ಬಗಲಲ್ಲಿ ಸುರುಳಿ ಸುತ್ತಿದ ಒಂದು ಕಡ್ಡಿಯಂತೆ ಅದು ಕಾಣಿಸಿಕೊಳ್ಳುತ್ತದೆ. ಎರಡು ಮೂರು ದಿನ ಹಾಗೆಯೇ ಇರುತ್ತದೆ. ಆಮೇಲೆ ಸಡಿಲಾಗುತ್ತದೆ. ಬಿಚ್ಚುವುದನ್ನು ಹಿಡಿಯಬೇಕೆಂದು ನಾನು ಕುಚ್ಚಿನ ಸೀರೆ ಹಿಡಿದು ಅದರ ಎದುರಿಗೇ ಕೂತಿದ್ದಿದೆ. ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋಗಿ ಬರುವಷ್ಟರಲ್ಲಿ ಅದು ಬಿಚ್ಚಿಕೊಂಡಿರುತ್ತದೆ. ಆಗತಾನೇ ಬಿಚ್ಚಿದ ಎಲೆ ತೆಳು ಹಸಿರು, ಹಸುಗೂಸಿನ ಕಿವಿಯಷ್ಟು ಮೆತ್ತಗೆ. ಮುಟ್ಟಿದರೆ ಎಲ್ಲಿ ಗುರುತು ಉಳಿಯುತ್ತದೋ ಎಂದು ಕೈ ಹಿಂದಕ್ಕೆ ಬರುತ್ತದೆ.

ಹೀಗೆ ಎರಡೂವರೆ ವರ್ಷ ನಡೆದು ಬಳ್ಳಿ ತಾಳಬೆಟ್ಟ ಮುಟ್ಟಿದ್ದು ಆ ಭಾನುವಾರ. ಬೆಟ್ಟಕ್ಕೆ ಹೋಗುವ ಗಾಡಿಗಳೆಲ್ಲ ತಾಳಬೆಟ್ಟದಲ್ಲಿ ನಿಂತು ಕರ್ಪೂರ ಹಚ್ಚಿಯೇ ಮುಂದೆ ಹತ್ತುವುದಲ್ಲವೇ, ಅದಕ್ಕೇ ಅವರು ಆ ಮೊಳೆಗೆ ಒಂದು ಚಿಟಿಕೆ ವಿಭೂತಿ ಹಚ್ಚಿದ್ದರು. ಬಳ್ಳಿಗೆ ಸುತ್ತಿದ್ದು ಕುಂಕುಮ ಬಣ್ಣದ ದಾರ. ಆ ವಾರ ನಾನು ಮುಗಿಸಿಕೊಟ್ಟ ಮದುವೆ ಸೀರೆಯ ಕುಚ್ಚಿನದು. ಇನ್ನೊಂದೇ ಮೊಳೆ, ಆಮೇಲೆ ಮಾದಪ್ಪ. "ದೀಪಾವಳಿ ಜಾತ್ರೆ ಒಳಗೆ ಬೆಟ್ಟ ಸೇರುಸ್ತೀನಿ," ಎಂದು ಸ್ಟೂಲಿನಿಂದ ಇಳಿದರು. ಹುರುಳಿಸಾರು ಉಂಡು ಮಲಗಿದರು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಮೊದಲು ಮನೆಯನ್ನೆಲ್ಲ ತೊಳೆದು ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಮನೆತನದಲ್ಲಿ ನಡೆದುಬಂದದ್ದು. ಈ ಕೆಲಸವನ್ನು ಸತ್ತವರ ಹೆಂಡತಿ ಮಾಡುವುದಿಲ್ಲ, ಒಳಗೆ ಕೂತಿರುತ್ತಾಳೆ. ಮಾಡಿದವಳು ನನ್ನ ನಾದಿನಿ ಗೌರ. ಯಳಂದೂರು ತಾಲ್ಲೂಕಿನ ಅಗರಕ್ಕೆ ಕೊಟ್ಟ ಹೆಣ್ಣು, ಅಣ್ಣನಿಗಿಂತ ಆರು ವರ್ಷ ಚಿಕ್ಕವಳು, ಕೆಲಸಕ್ಕೆ ನಿಂತರೆ ನಾಲ್ಕಾಳು. ಅಳುವುದನ್ನೂ ಕೆಲಸ ಮಾಡುತ್ತಲೇ ಅಳುವವಳು. ನಾನು ಹೊರಗೆ ಬಂದಾಗ ನಡುಮನೆಯ ಗೋಡೆ ಬೆಳ್ಳಗಿತ್ತು. ಮೊಳೆ ಒಂದೂ ಇರಲಿಲ್ಲ. ಊರಿನ ಹೆಸರುಗಳ ಮೇಲೆ ಸುಣ್ಣ ಕೂತಿತ್ತು.

"ಬೇರು ಗ್ವಾಡೆನೆಲ್ಲಾ ಕಚ್ಕಂಡಿತ್ತು ಅತ್ಗೆ," ಅಂದಳು ಗೌರ, ಸುಣ್ಣದ ಕೈಯನ್ನು ಸೆರಗಿಗೆ ಒರೆಸುತ್ತ. "ಸುಣ್ಣ ಕೂರ್ತಿರ್ನಿಲ್ಲ. ಬಿಡಿಸ್ಕಳಾಕೆ ನೋಡ್ದೆ, ಮುರ್ದೋಯ್ತು. ಗಿಡ ತಾನೆ, ಇನ್ನೊಂದು ನೆಟ್ರಾಯ್ತು ಬುಡು."

"ಸರಿ ಕಣವ್ವ" ಅಂದೆ, ಒಳಗೆ ಹೋದೆ. ಆಮೇಲೆ ಮೂರು ವರ್ಷ ಅವಳಿಗೆ ನಾನು "ಸರಿ ಕಣವ್ವ"ಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ. ಜಗಳವಾಡಿದವರು ಎಂದಾದರೂ ರಾಜಿಯಾಗುತ್ತಾರೆ. ನಾನು ಜಗಳವನ್ನೇ ಆಡದೆ ರಾಜಿಗೆ ದಾರಿಯಿಲ್ಲದಂತೆ ಮಾಡಿಕೊಂಡಿದ್ದೆ.

ಬಳ್ಳಿ ಮುರಿದದ್ದು ಸರಿಯಾಗಿ ಹನೂರಿನಲ್ಲಿ ಎಂದು ನಾನು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು, ನನಗೂ ಬರುತ್ತಿತ್ತು. ಈಗ ನಿಜ ಹೇಳುತ್ತೇನೆ. ಅದು ಮುರಿದದ್ದು ಕಾಮಗೆರೆಗೂ ಹನೂರಿಗೂ ನಡುವೆ ಎಲ್ಲೋ. ದುಃಖಕ್ಕೆ ಅಷ್ಟು ದೂರ ಸರಿಸಿಕೊಳ್ಳುವ ಹಕ್ಕಿದೆ ಎಂದುಕೊಂಡಿದ್ದೆ.

ಹಿತ್ತಿಲಲ್ಲಿ ಕಸದ ಜೊತೆ ಬಿದ್ದಿದ್ದ ಬಳ್ಳಿಯ ತುಂಡುಗಳನ್ನು ಆರಿಸಿಕೊಂಡು ಬಂದೆ. ತಾಳಬೆಟ್ಟದ ತುದಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕ ತುಂಡುಗಳಿಗೆ ನಾನು ಮಾಡಿದ ಅನ್ಯಾಯವನ್ನು ರೇಷ್ಮೆ ಬೆಳೆಯುವ ಮನೆಯವಳು ಮಾತ್ರ ಮಾಡಬಲ್ಲಳು. ಹಿಪ್ಪುನೇರಳೆಯನ್ನು ನಾಟಿ ಮಾಡುವಾಗ ಕಡ್ಡಿಯ ಎಲೆಯನ್ನೆಲ್ಲ ಸವರಿ, ಗೇಣುದ್ದ ಕತ್ತರಿಸಿ, ಬಿಸಿಲಿನಲ್ಲಿ ಸಾಲಾಗಿ ನೆಟ್ಟು ನೀರು ಕಟ್ಟುತ್ತಾರೆ. ಹದಿನೈದು ದಿನಕ್ಕೆ ಚಿಗುರು. ಸಣ್ಣವಳಿದ್ದಾಗಿನಿಂದ ಮಾಡಿದ ಕೆಲಸ, ಕೈಗೆ ಬೇರೆ ಗೊತ್ತಿರಲಿಲ್ಲ. ಮನಿ ಪ್ಲಾಂಟಿನ ಎಲೆಗಳನ್ನೂ ಹಾಗೆಯೇ ಒಂದೂ ಉಳಿಸದೆ ಸವರಿದೆ, ಹಿತ್ತಿಲ ಬಿಸಿಲಿನಲ್ಲಿ ಸಾಲು ನೆಟ್ಟೆ, ನೀರು ನಿಲ್ಲಿಸಿದೆ. ವಾರದೊಳಗೆ ಎಲ್ಲವೂ ಕೊಳೆತು ಬೆರಳಿಗೆ ಲೋಳೆಯಾಗಿ ಬಂದವು.

ಅಷ್ಟಕ್ಕೆ ಬಿಟ್ಟೆನೇ? ಕುಂಡದಲ್ಲಿ ಬುಡ ಇನ್ನೂ ಇತ್ತಲ್ಲ, ಆರು ಎಲೆಯೊಂದಿಗೆ. ಅದಕ್ಕೆ ಶಕ್ತಿ ಬರಲಿ ಎಂದು ಧನಗೆರೆಯಿಂದ ಒಂದು ಚೀಲ ಹುಳದ ಹಿಕ್ಕೆ ತರಿಸಿದೆ. ರೇಷ್ಮೆ ಹುಳುವಿನ ಹಿಕ್ಕೆ ಎಂದರೆ ನಮ್ಮ ಕಡೆ ಗೊಬ್ಬರಗಳ ರಾಜ. ತೆಂಗಿಗೂ ಅದೇ, ಟೊಮೆಟೊಗೂ ಅದೇ. ಎಕರೆಗೆ ಹಾಕುವ ಧಾರಾಳದಲ್ಲಿ ಕುಂಡಕ್ಕೆ ಹಾಕಿದೆ. ಮನೆಯೊಳಗೆ ಹುಳುಮನೆಯ ವಾಸನೆ ತುಂಬಿತು. ಎಲೆಗಳು ಅಂಚಿನಿಂದ ಕಂದಿ, ಒಂದೊಂದೇ ಹಳದಿಯಾಗಿ ಉದುರಿದವು. ಐದು. ನಾಲ್ಕು. ಮೂರು. ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ, "ಅಮ್ಮಾ, ಅದಕ್ಕೇನೂ ಮಾಡ್ಬೇಡ. ನೀನು ಏನೂ ಮಾಡ್ದೆ ಇರೋದೇ ಅದಕ್ಕೆ ಔಷಧಿ," ಎಂದಳು. ಹಿಕ್ಕೆಯನ್ನೆಲ್ಲ ಬಗೆದು ತೆಗೆದು ಹೊಸ ಮಣ್ಣು ಹಾಕಿದೆ. ಬಳ್ಳಿ ಮೇಲಿನಿಂದ ಒಣಗಿ ಮುರಿಯುತ್ತ ಬಂದು, ಕೊನೆಯ ಎಲೆಯೂ ಉದುರಿದ ದಿನ ಕುಂಡದಲ್ಲಿ ಉಳಿದದ್ದು ಗೇಣುದ್ದದ ಒಂದು ಬರೀ ಕಡ್ಡಿ.

ಎಸೆಯಬೇಕಿತ್ತು. ಎಸೆಯಲಿಲ್ಲ, ಅಷ್ಟೇ. ಅವರ ಚಪ್ಪಲಿಯನ್ನೂ ಎಸೆದಿರಲಿಲ್ಲ. ಮಣ್ಣಿಗೆ ಬೆರಳಿಟ್ಟು, ಒಣಗಿದ್ದರೆ ನೀರು ಹಾಕುವುದು, ಇಲ್ಲವಾದರೆ ಇಲ್ಲ. ಅವರಿದ್ದಾಗ ನಾನು ಪಾಲಿಸದಿದ್ದ ಕಟ್ಟುನಿಟ್ಟನ್ನು ಪಾಲಿಸಲು ಗಿಡವೇ ಇಲ್ಲದ ಕುಂಡ ಸಿಕ್ಕಿತ್ತು. ಎರಡು ತಿಂಗಳು ಹೀಗೆ ಕಡ್ಡಿಗೆ ನೀರು ಹಾಕಿದೆ. ಬಂದವರು ನೋಡಿ ಏನೋ ಕೇಳಲು ಹೊರಟು ಮಾತು ಬದಲಿಸುತ್ತಿದ್ದರು.

ಒಂದು ಬೆಳಿಗ್ಗೆ ಕಡ್ಡಿಯ ಎರಡನೆಯ ಗಿಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಪಾಚಿ ಎಂದುಕೊಂಡೆ. ಮೂರನೆಯ ದಿನ ಅದಕ್ಕೆ ಮೊನೆ ಬಂದಿತ್ತು. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಕುಂಡವನ್ನು ತಿರುಗಿಸಿ ನೋಡಿದೆ. ಹಿಂದೆ ಎಲೆಯಿದ್ದ ಪ್ರತಿ ಜಾಗದಲ್ಲೂ ಕಡ್ಡಿಯ ಮೇಲೊಂದು ಸಣ್ಣ ಉಬ್ಬು ಇತ್ತು. ಅಷ್ಟು ವರ್ಷ ಬಳ್ಳಿಯನ್ನು ಒರೆಸಿದ್ದೆ, ತೊಳೆದಿದ್ದೆ, ಆ ಉಬ್ಬನ್ನು ಕಂಡಿರಲಿಲ್ಲ. ಪ್ರತಿ ಎಲೆಯ ಬಗಲಲ್ಲೂ ಒಂದು ಕಣ್ಣು ಮಲಗಿರುತ್ತದೆಯಂತೆ. ತುದಿ ಬದುಕಿ ಮುಂದೆ ಹೋಗುತ್ತಿರುವವರೆಗೂ ಅದು ಏಳುವುದಿಲ್ಲ, ತನ್ನ ಸರದಿಯಲ್ಲ ಎಂದು ಸುಮ್ಮನಿರುತ್ತದೆ. ತುದಿ ಹೋದ ಸುದ್ದಿ ಅದಕ್ಕೆ ಹೇಗೋ ತಲುಪುತ್ತದೆ. ಆಗ ಏಳುತ್ತದೆ. ಇದನ್ನು ಮಗಳು ಆಮೇಲೆ ಓದಿ ಹೇಳಿದ್ದು. ಅವತ್ತು ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತೆ. ಗುಡಿಯಲ್ಲಿ ಪರದೆ ಸರಿದಾಗ ಕೈ ತಾನಾಗಿ ಕೂಡುವಂತೆ ನನ್ನ ಕೈ ಕೂಡಿಕೊಂಡಿತು. ಕೈ ಮುಗಿದದ್ದನ್ನು ಯಾರಾದರೂ ನೋಡಿದರೇನೋ ಎಂದು ಕಿಟಕಿಯಾಚೆಗೆ ಒಮ್ಮೆ ಇಣುಕಿಯೂ ನೋಡಿದೆ.

ಬಳ್ಳಿ ಮತ್ತೆ ಹೊರಟಿತು. ಬೆಳ್ಳಗಿನ ಗೋಡೆಯ ಮೇಲೆ ನಾನೇ ಮೊಳೆ ಹೊಡೆದೆ. ಸಿದ್ದರಾಜು ಒಮ್ಮೆ ಕಾರ್ತಿಕದಲ್ಲಿ ಬೆಟ್ಟದ ಪ್ರಸಾದ ಕೊಡಲು ಬಂದವನು ಹೆಸರು ಬರೆಯದ ಗೋಡೆಯನ್ನು ನೋಡಿ, ಬೆರಳಿಟ್ಟು ಓದಿದ: "ಮಧುವನಳ್ಳಿ. ಕಾಮಗೆರೆ. ಅನೂರು ಇನ್ನೂ ಬಂದಿಲ್ಲ." ಟೀ ಲೋಟ ಕೆಳಗಿಟ್ಟು, "ಅಕ್ಕಾ, ನೀವು ಲೇಟು. ಸಾರ್ ಇದ್ದಿದ್ರೆ ಇಷ್ಟೊತ್ಗೆ ಕೌದಳ್ಳಿ ದಾಟೋರು," ಎಂದ. ಹೇಳಿದ ಮೇಲೆ ತುಟಿ ಕಚ್ಚಿಕೊಂಡ. ನಾನು ನಕ್ಕೆ. ಅವರು ಹೋದ ಮೇಲೆ ಅವರ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು.

ಕಳೆದ ವರ್ಷ ಗೌರ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ನೋಡಲು ಹೋಗದೆ ಇರುವಂತಿರಲಿಲ್ಲ. ಎರಡು ಡಜನ್ ಬಾಳೆಹಣ್ಣು, ಒಂದು ಪಾಕೆಟ್ ಬ್ರೆಡ್ಡು ಹಿಡಿದು ಯಳಂದೂರಿಗೆ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಅಗರಕ್ಕೆ ಹೋದೆ. ಅರ್ಧ ಗಂಟೆ ಕೂತು ಬರುವುದೆಂದು ಮನಸ್ಸಿನಲ್ಲೇ ಅಳೆದುಕೊಂಡಿದ್ದೆ. ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದವಳು ಚೊಂಬು ಹಿಡಿದು ಹಾಗೇ ನಿಂತುಬಿಟ್ಟೆ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ತೆಂಗಿನಮರ. ಅದರ ಬುಡದಿಂದ ಎರಡಾಳೆತ್ತರದವರೆಗೆ ಒಂದು ಬಳ್ಳಿ ಮರವನ್ನು ತಬ್ಬಿಕೊಂಡು ಹತ್ತಿತ್ತು. ಕಾಂಡ ನನ್ನ ಹೆಬ್ಬೆರಳಿಗಿಂತ ದಪ್ಪ. ಎಲೆಗಳು, ಹೇಗೆ ಹೇಳಲಿ, ಬುಡದಲ್ಲಿ ಅಂಗೈಯಷ್ಟಿದ್ದವು ಮೇಲೆ ಹೋಗುತ್ತ ಹೋಗುತ್ತ ತಟ್ಟೆಯಷ್ಟಾಗಿ, ಕೊನೆಗೆ ಮೊರದಷ್ಟಾಗಿದ್ದವು. ಹಸಿರಿನ ಮೇಲೆ ಹಳದಿಯ ಬೀಸು. ಕೆಲವು ದೊಡ್ಡ ಎಲೆಗಳು ಬಾಳೆಲೆಯಂತೆ ಅಂಚಿನಲ್ಲಿ ಸೀಳಿಕೊಂಡಿದ್ದವು. ಮಧ್ಯಾಹ್ನದ ಬಿಸಿಲು ಗರಿಗಳ ನಡುವಿನಿಂದ ಇಳಿದು ಒಂದೊಂದು ಎಲೆಯ ಮೇಲೂ ತಂಗಿ ಹೋಗುತ್ತಿತ್ತು. ಕಾಡಿನ ಯಾವುದೋ ಬಳ್ಳಿ, ಬಿಳಿಗಿರಿಯ ಕಡೆಯಿಂದ ಯಾರೋ ತಂದು ನೆಟ್ಟಿರಬೇಕು ಎಂದುಕೊಂಡೆ.

ಗೌರ ವಾಕರ್ ಊರಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

"ಏನ್ ಬಳ್ಳಿ ಗೌರ ಇದು?"

ಅವಳು ವಾಕರನ್ನು ಸರಿಮಾಡಿಕೊಂಡಳು. "ಅಣ್ಣನ ಬಳ್ಳಿ ಕನತ್ಗೆ."

ನನಗೆ ಅರ್ಥವಾಗಲಿಲ್ಲ.

"ಅವತ್ತು ಸುಣ್ಣ ಬಳುದ್ನಲ್ಲ, ಮುರ್ದೋದ್ಮೇಲೆ ತುದಿ ಮಾತ್ರ ನನ್ ಕೈಲೇ ಇತ್ತು. ಎಸ್ಯಾಕೆ ಮನ್ಸು ಬರ್ನಿಲ್ಲ. ಒದ್ದೆ ಬಟ್ಟೇಲಿ ಸುತ್ತಿ ಬ್ಯಾಗ್‌ಗೆ ಆಕಂಡು ಬಂದ್ಬುಟ್ಟೆ. ಕುಂಡ ಇರ್ನಿಲ್ಲ, ಮರದ ಬುಡಕ್ಕೆ ಊರಿ, ಪಾತ್ರೆ ತೊಳ್ದ ನೀರು ಬುಟ್ಟೆ."

"ಒಂದ್ಮಾತು ಹೇಳ್ಬಾರ್ದಾಗಿತ್ತಾ?"

"ನೀನು ಬಯ್ದಿದ್ರೆ ಹೇಳ್ತಿದ್ದೆ. ಬಯ್ಲೇ ಇಲ್ವಲ್ಲ ನೀನು!" ಗೌರಳ ದನಿ ಏರಿತು. "ಮೂರೊರ್ಷ ಕಾದೆ ಕನತ್ಗೆ, ಇವತ್ತು ಬಯ್ತಾಳೆ, ನಾಳೆ ಬಯ್ತಾಳೆ ಅಂತ. ಸರಿ ಕಣವ್ವ, ಸರಿ ಕಣವ್ವ! ಅದೇನು ಮಾತಾ? ನನ್ನಣ್ಣ ಅಲ್ವಾ ಅವ್ನು? ಕಾಲು ಮುರ್ಕಂಡ್ಮೇಲೆ ಬಂದಿದ್ದೀಯ, ಬ್ರೆಡ್ ತಕಂಡು!"

ಬ್ರೆಡ್ಡಿನ ಮೇಲೆ ಅವಳು ಇಟ್ಟ ಒತ್ತು ಎಷ್ಟಿತ್ತೆಂದರೆ ನನಗೆ ನಗು ಬಂತು, ಅವಳಿಗೂ ಬಂತು, ಆಮೇಲೆ ಇಬ್ಬರೂ ಅತ್ತೆವು. ಅವಳು ವಾಕರ್ ಹಿಡಿದು, ನಾನು ಚೊಂಬು ಹಿಡಿದು. ಅರ್ಧ ಗಂಟೆಗೆಂದು ಹೋದವಳು ಎರಡು ದಿನ ಇದ್ದೆ. ಬಯ್ಯುವುದಿದ್ದದ್ದನ್ನೆಲ್ಲ ಬಯ್ದೆ. ಅವಳೂ ಉಳಿಸಿಕೊಳ್ಳಲಿಲ್ಲ.

ಅದೇ ಗಿಡ, ಅದೇ ತುದಿ ಎಂದು ಒಪ್ಪಲು ನನಗೆ ಹೊತ್ತು ಹಿಡಿಯಿತು. ನಮ್ಮ ನಡುಮನೆಯ ಗೋಡೆಯ ಮೇಲೆ ಅಂಗೈ ಮೀರದ ಎಲೆ ಇಲ್ಲಿ ಮೊರದಷ್ಟು. ಮೊದಲಿನಿಂದಲೂ ಈ ದೊಡ್ಡ ಎಲೆ ಅದರೊಳಗೆ ಇತ್ತೇ? ಬಾಟಲಿಯಲ್ಲಿ ಬೆಟ್ಟ ಹತ್ತಿಳಿದ ಆ ಗೇಣುದ್ದದ ತುಂಡಿನಲ್ಲೂ ಇತ್ತೇ? ಅಪ್ಪಿಕೊಳ್ಳಲು ಒಂದು ಮರ ಸಿಗುವವರೆಗೆ ಅದನ್ನು ತೋರಿಸಿರಲಿಲ್ಲ ಅಷ್ಟೇ. ಇಪ್ಪತ್ತೆಂಟು ವರ್ಷ ಜೊತೆಗಿದ್ದ ಮನುಷ್ಯನೊಳಗೂ ನಾನು ನೋಡದೆ ಉಳಿದ ಎಲೆಗಳು ಎಷ್ಟಿದ್ದವೋ ಎಂದು ಆ ಮರದ ಕೆಳಗೆ ನಿಂತಾಗ ಅನ್ನಿಸಿತು. ಒಂದು ವಾರ ಒಂದು ತುಂಡು ಬಳ್ಳಿಯನ್ನು ಪುಕ್ಕಟೆ ಓಡಾಡಿಸಿದವರು. ಸಾಮಾನ್ಯ ಡ್ರೈವರ್ ಎಂದುಕೊಂಡೇ ನಾನು ಅವರಿಗೆ ಬುತ್ತಿ ಕಟ್ಟಿದ್ದೆ.

ಹೊರಡುವ ಬೆಳಿಗ್ಗೆ ಗೌರ ನನ್ನನ್ನು ಮರದ ಹಿಂಬದಿಗೆ ಕರೆದು, ಬುಡದ ಹತ್ತಿರ ಬಗ್ಗಿ ನೋಡು ಎಂದಳು. ಕಲ್ಲಿನ ಮರೆಯಲ್ಲಿ, ಬಿಸಿಲು ಬೀಳದ ಕಡೆ, ಬಳ್ಳಿಯ ಕಾಂಡ ಒಂದು ಕಡೆ ಸಣ್ಣಗೆ ಒಳಕ್ಕೆ ಹೋಗಿತ್ತು. ಆ ತಗ್ಗಿನೊಳಗೆ ದಾರ. ಕುಂಕುಮದ ಬಣ್ಣ ಹೋಗಿ ಮಾಸಲಾಗಿತ್ತು. ಸುತ್ತಲೂ ಕಾಂಡ ಬೆಳೆದು ದಾರವನ್ನು ಅರ್ಧ ನುಂಗಿಕೊಂಡಿತ್ತು. ಗಂಟು ಮಾತ್ರ ಹೊರಗಿತ್ತು. ಎಡಕ್ಕೆ ವಾಲಿತ್ತು.

ಉಗುರಿನಿಂದ ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. ದಾರವನ್ನು ಕತ್ತರಿಸಿದರೆ ಬಳ್ಳಿಗೆ ಸುಖವೇನೋ ಎಂದು ಗೌರ ಕೇಳಿದಳು. ಅದು ಈಗ ಬಳ್ಳಿಯದೇ ಆಗಿದೆ, ಬಿಡು ಎಂದೆ.

ಅಗರದ ಬಳ್ಳಿಯಿಂದ ಒಂದು ತುಂಡು ಒಯ್ಯಿ ಎಂದು ಅವಳು ಬಹಳ ಬಲವಂತ ಮಾಡಿದಳು. ನಾನು ಒಯ್ಯಲಿಲ್ಲ. ನಮ್ಮ ಮನೆಯಲ್ಲಿ ಬುಡವಿದೆ, ಅವಳ ಮನೆಯಲ್ಲಿ ತುದಿಯಿದೆ, ಇದಕ್ಕಿಂತ ಸರಿಯಾದ ಪಾಲು ಯಾರೂ ಮಾಡಿಕೊಡಲಾರರು. ಮನೆಗೆ ಬಂದವಳೇ ಗೋಡೆಯ ಮೇಲಿನ ಮೊಳೆಗಳ ಪಕ್ಕ ಪೆನ್ಸಿಲಿನಲ್ಲಿ ಊರುಗಳ ಹೆಸರು ಬರೆದೆ. ಅಲ್ಲಿಯವರೆಗೆ ಬರೆಯಲು ಕೈ ಬಂದಿರಲಿಲ್ಲ.

ನಮ್ಮ ಬಳ್ಳಿ ಹನೂರು ದಾಟಿತು. ಕೌದಳ್ಳಿ ದಾಟಿತು. ತಾಳಬೆಟ್ಟದಲ್ಲಿ ಬಹಳ ದಿನ ನಿಂತಿತು, ಆ ಮೊಳೆಗೆ ನಾನೂ ವಿಭೂತಿ ಹಚ್ಚಿದ್ದೆ. ಈಚೆಗೆ ಎರಡು ಹೊಸ ಎಲೆ ಬಂದು, ಕುಡಿ ತಾನಾಗಿಯೇ ಮಾದಪ್ಪನ ಫೋಟೋದ ಕಡೆಗೆ ಮುಖ ಮಾಡಿತು.

ಮೊನ್ನೆ ಭಾನುವಾರ ಮೊರದಲ್ಲಿ ಕಾಳು ಹರವಿಕೊಂಡು ಕೂತವಳು ಅರ್ಧಕ್ಕೇ ಬಿಟ್ಟು ಎದ್ದೆ. ಸ್ಟೂಲು ಹಾಕಿಕೊಂಡು, ಮೊಳೆ ಬಾಯಲ್ಲಿ ಕಚ್ಚಿಕೊಂಡು ಹತ್ತಿದೆ. ಕಬ್ಬಿಣದ ರುಚಿ ಹೀಗಿರುತ್ತದೆಂದು ಅವರು ಒಮ್ಮೆಯೂ ಹೇಳಿರಲಿಲ್ಲ. ಫೋಟೋದ ಕೆಳಗೆ ಮೊಳೆ ಹೊಡೆದು, ದಾರ ಸುತ್ತಿ, ಬಳ್ಳಿಯನ್ನು ಸಿಕ್ಕಿಸಿದೆ. ನನ್ನ ಗಂಟು ನೇರವಾಗಿ ನಿಂತಿತು. ಕೆಳಗಿಳಿದು ಗೋಡೆಯ ಉದ್ದಕ್ಕೂ ನೋಡಿದೆ. ಕಿಟಕಿಯಿಂದ ಮಾದಪ್ಪನವರೆಗೆ ದಾರಿ ಎಲ್ಲೂ ಕಡಿದಿರಲಿಲ್ಲ.

ನಿಯಮದ ಪ್ರಕಾರ ಮೊದಲೇ ಹೇಳಬೇಕಾಗಿದ್ದ ಮಾತು ಆಗ ನೆನಪಾಯಿತು. ತಡವಾಗಿಯೇ ಆದರೂ ಹೇಳಿದೆ. "ರೈಟ್," ಅಂದೆ, ಈ ಸಲ ತಲೆಯೆತ್ತಿ.

ಸ್ಟೂಲಿನ ಮೇಲೆ ಅವರಿಲ್ಲ.